ನನಗ ತಿಳೀಲಿಲ್ಲ ಅಂತ ಬರಿ

ನಮ್ಮ ವಾರ್ಡಿನ ಹಿರಿಯ ಆಯಾ, ಎಲ್ಲರ ಬಾಯಲ್ಲೂ ದೊಡ್ಡಾಯಾ, ಆಕೆಯ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಎಳೆಮಗುವಿನ ಅಂಗಾಲಿನಂಥ ಮೆತ್ತಗಿನ ಕೆಂಪು ಚರ್ಮ. ಮದುವೆಯಾದ ಹೊಸತರಲ್ಲಿ ಬಳ್ಳಾರಿಯ ಹತ್ತಿ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದಾಗ ಯಂತ್ರ ಅದನ್ನು ಕಿತ್ತುಕೊಂಡಿತ್ತಂತೆ. ಮೈ ಒರೆಸುವ ನೀರಿರಲಿ, ಕುಡಿಸುವ ಗಂಜಿಯಿರಲಿ, ಬಿಸಿ ನೋಡಲು ಆಕೆ ಮೊದಲು ಆ ಬೆರಳನ್ನು ಅದಕ್ಕೆ ಅದ್ದುತ್ತಿದ್ದಳು. ಗಂಜಿಗೆ ಬೆರಳು ಅದ್ದುವುದನ್ನು ಕಂಡ ಮೊದಲ ದಿನ ನಾನು ಹೌಹಾರಿ ಕೂಗಿದೆ. ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಉಗುರಿದ್ದ ಬೆರಳು ಸುಳ್ಳು ಹೇಳ್ತಾವ ಸಿಸ್ಟರವ್ವ, ಇದು ಹೇಳಂಗಿಲ್ಲ" ಎಂದಳು. ಆಮೇಲೆ ನನ್ನ ಮಾತಿಗೆ ಬೆಲೆ ಕೊಟ್ಟು ಗಂಜಿಯನ್ನು ಬಿಟ್ಟು ಕಪ್ಪಿನ ಹೊರಮೈಗೆ ಬೆರಳಿಡತೊಡಗಿದಳು. ಅಷ್ಟು ರಾಜಿಗೆ ಬರಲು ನಮಗೆ ಎರಡು ವಾರ ಹಿಡಿಯಿತು.

ನಾನು ಆ ವೃದ್ಧರ ಮನೆಗೆ ನರ್ಸ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ. ಸೇವೆಯ ಹಂಬಲದಿಂದ ಸೇರಿದೆ ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಮಣ್ಣು ಹಾಕಬೇಕು. ತೆಕ್ಕಲಕೋಟೆಯ ಗಂಡ ಇನ್ನೊಬ್ಬಳನ್ನು ಮನೆಗೆ ತಂದು, ನನ್ನ ಟ್ರಂಕನ್ನು ಕಟ್ಟೆಯ ಮೇಲಿಟ್ಟಿದ್ದ. ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ರಾರಾವಿಯ ತವರಿಗೆ ಹೋದರೆ ಅಣ್ಣ ಬಾಗಿಲಲ್ಲೇ, "ಹುಡುಗಿ ಇರ್ಲಿ, ಅವ್ವ ನೋಡ್ಕೊಂತಾಳ. ನಿಂದು ನೀ ನೋಡ್ಕೊ" ಎಂದ. ಮದುವೆಗೆ ಮುಂಚೆ ಕಲಿತಿದ್ದ ನರ್ಸಿಂಗ್ ಒಂದೇ ನನ್ನ ಕೈಯಲ್ಲಿದ್ದದ್ದು. ದೊಡ್ಡಾಸ್ಪತ್ರೆಯಲ್ಲಿ ಜಾಗ ಇರಲಿಲ್ಲ. ಯಾರೋ ಪುಣ್ಯಾತ್ಮರು ಬಳ್ಳಾರಿಯ ಹಳೆಯ ಬಂಗಲೆಯೊಂದರಲ್ಲಿ ನಡೆಸುತ್ತಿದ್ದ ಈ ಮನೆಯಲ್ಲಿತ್ತು. ಮೂರು ತಿಂಗಳು ಪರೀಕ್ಷೆ, ಆಮೇಲೆ ಕಾಯಂ. ಕಾಯಂ ಆದರೆ ಹಿತ್ತಲಿನ ಎರಡು ಕೋಣೆಗಳಲ್ಲಿ ಒಂದು ನನಗೆ, ಮಗಳನ್ನು ಕರೆತಂದು ಇಟ್ಟುಕೊಳ್ಳಬಹುದು.

ಒಂದು ಕೋಣೆಯಲ್ಲಿ ದೊಡ್ಡಾಯಾ ಇದ್ದಳು. ಇನ್ನೊಂದಕ್ಕೆ ಬೀಗ. ಅದರ ಕಿಟಕಿಯಿಂದ ಇಣುಕಿದರೆ ಗೋಡೆಯಲ್ಲಿ ಒಂದು ಮೊಳೆ ಕಾಣುತ್ತಿತ್ತು. ಮಗಳ ಫ್ರಾಕನ್ನು ಅದಕ್ಕೇ ತೂಗುಹಾಕಬೇಕು ಎಂದು ನಾನು ದಿನಕ್ಕೆ ಎರಡು ಸಲ ಹೋಗಿ ಆ ಮೊಳೆಯನ್ನು ನೋಡಿ ಬರುತ್ತಿದ್ದೆ. ಹುಚ್ಚು ಅಂದರೆ ಹುಚ್ಚೇ.

ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ಮಂಚ. ಬಂಗಲೆಯ ಹಿಂದೆಯೇ ಬೋಳುಗುಡ್ಡ. ಹಗಲೆಲ್ಲ ಕಾದು ಸಂಜೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತಿತ್ತು. ಗಂಜಿ ಹಾಕಿದ ಬಿಳಿ ಸೀರೆ ಉಟ್ಟು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಮೂತ್ರ, ಫಿನಾಯಿಲ್, ವಿಭೂತಿ ಮೂರರ ವಾಸನೆ ಒಟ್ಟಿಗೇ ಮುಖಕ್ಕೆ ಬಡಿಯಿತು. ಯಾರಿಗೂ ವಿಶೇಷ ಕಾಯಿಲೆ ಇರಲಿಲ್ಲ, ಯಾರೂ ಮನೆಗೆ ಹೋಗುವವರಲ್ಲ. ಟೆಂಪರೇಚರ್ ನೋಡಿದೆ, ನಾಡಿ ನೋಡಿದೆ, ಆಮೇಲೆ ಏನು ಮಾಡಬೇಕೆಂದು ತೋಚದೆ ವಾರ್ಡಿನ ನಡುವೆ ನಿಂತೆ. ದೊಡ್ಡಾಯಾ ಬೆಡ್‌ಪ್ಯಾನು ಹಿಡಿದು ಪಕ್ಕದಲ್ಲಿ ಹಾದುಹೋಗುತ್ತ ಹೇಳಿದಳು:

"ಆಸ್ಪತ್ರ್ಯಾಗ ನೀವು ವಾಸಿ ಮಾಡ್ತೀರಿ. ಇಲ್ಲಿ ವಾಸ ಮಾಡಸ್ಬೇಕು. ಬರ್ರಿ, ಹನ್ನೊಂದನೇ ಮಂಚದಾಕಿನ್ನ ಹೊಳ್ಳಿ ಮಲಗಸೋಣು."

ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಗಡಿಯಾರ ನೋಡಲೂ ಬರುತ್ತಿರಲಿಲ್ಲ. ಆದರೂ ಮಲಗಿದವರನ್ನು ಮಗ್ಗುಲು ಬದಲಿಸುವ ಹೊತ್ತು ಆಕೆಗೆ ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ. ಯಾರ ಮೈ ಮುಟ್ಟುವ ಮುಂಚೆಯೂ "ಯವ್ವಾ, ಕೈ ಹಾಕ್ತೀನಿ" ಎಂದು ಹೇಳಿ, ಉತ್ತರಕ್ಕೆ ಕಾಯುವಳು. ಉತ್ತರ ಕೊಡಲಾರದವರ ಬಳಿಯೂ ಅಷ್ಟೇ ಹೊತ್ತು ಕಾಯುವಳು. ಆ ಕಾಯುವಿಕೆ ನನ್ನ ಪ್ರಾಣ ಹಿಂಡುತ್ತಿತ್ತು. ಹದಿನಾಲ್ಕು ಜನಕ್ಕೆ ಉಣಿಸಿ, ತೊಳೆದು, ಪುಡಿ ಹಚ್ಚಿ, ವಾರ್ಡಿನ ದಿನದ ಪುಸ್ತಕ ಬರೆಯುವಷ್ಟರಲ್ಲಿ ನನ್ನ ಕಾಲು ಮರದ ಕೊರಡಾಗುತ್ತಿದ್ದವು. ಬೇಗ ಬೇಗ ಎಂದರೆ, "ಅವಸರಕ್ಕ ಹುಟ್ಟಿದಾಕಿ ನೀನು" ಎಂದು ನಗುವಳು. ಬರಬರುತ್ತ ಬಹುವಚನ ಬಿಟ್ಟಿದ್ದಳು. ನನಗೂ ಅದೇ ಹಿತವಾಗಿತ್ತು, ಬಳ್ಳಾರಿಯಲ್ಲಿ ನನ್ನನ್ನು ನೀನು ಎನ್ನುವವರು ಬೇರೆ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಬಟ್ಟೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಬೆಳಿಗ್ಗೆ ಒಬ್ಬ ಅಜ್ಜಿಯ ಬೆನ್ನಿನ ಹುಣ್ಣು ತೊಳೆಯುವಾಗ ಮೂಳೆ ಕಂಡಿತ್ತು. ಅದೇ ದಿನ ಊರಿಂದ ಬಂದ ಕಾಗದದಲ್ಲಿ ಮಗಳು ಜ್ವರದಲ್ಲಿ ನನ್ನನ್ನು ಕನವರಿಸುತ್ತಾಳೆ ಎಂದಿತ್ತು. ದೊಡ್ಡಾಯಾ ಬಾಗಿಲು ತಳ್ಳಿ ಒಳಗೆ ಬಂದಳು. ಹೊರಗೆ ಯಾರಿಗೂ ಕೇಳದಿರಲೆಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕಡ್ಡಿಪುಡಿ ತಿಕ್ಕಿಕೊಂಡಳು. ನನ್ನ ಬಿಕ್ಕು ನಿಂತ ಮೇಲೆ, "ಮುಗೀತಾ? ಮೂರನೇ ಮಂಚದ ಚಾದರ ಹಸಿ ಆಗೇತಿ" ಎಂದಳು. ಅದಕ್ಕಿಂತ ದೊಡ್ಡ ಸಮಾಧಾನವನ್ನು ನನಗೆ ಆಮೇಲೂ ಯಾರೂ ಹೇಳಿಲ್ಲ.

ಎರಡೂವರೆ ತಿಂಗಳು ಹೀಗೆ ಕಳೆಯಿತು. ಆಗ ದೊಡ್ಡಾಯಾಳ ನಾದಿನಿ ಸಿರುಗುಪ್ಪದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು. ಗಂಡ ಸತ್ತು ಎಷ್ಟೋ ವರ್ಷವಾಗಿದ್ದ ಆಕೆಗೆ ನೆಂಟರು ಅಂತ ಉಳಿದಿದ್ದದ್ದು ಆ ಮನೆಯೊಂದೇ. ಎಂಟು ದಿನ ರಜೆ ಹಾಕಿ ಬಸ್ಸು ಹತ್ತುವ ಮುಂಚೆ ನನಗೆ, "ಕಣ್ಣಿಗೆ ಎಣ್ಣಿ ಬಿಟ್ಕೊಂಡು ನೋಡ್ಕೊ. ಕುರುಗೋಡು ಅಜ್ಜಿದು ಮಾತು ಹೋಗೇತಿ, ಮಾರಿ ನೋಡಿ ತಿಳ್ಕೊ" ಎಂದಳು.

ಕುರುಗೋಡು ಅಜ್ಜಿ ನಮ್ಮ ವಾರ್ಡಿನ ಗೌರವಸ್ಥೆ. ಬೆಳಿಗ್ಗೆ ಹಣೆಗೆ ವಿಭೂತಿ ಬೀಳದೆ ಹನಿ ನೀರು ಕುಡಿಯದವರು. ಕುರುಗೋಡಿನ ಒಳ್ಳೆಯ ಮನೆತನಕ್ಕೆ ಸೊಸೆಯಾಗಿ ಬಂದು ಅರವತ್ತು ವರ್ಷ ಬಾಳಿದವರಂತೆ. ಮಕ್ಕಳಿರಲಿಲ್ಲ. ನನ್ನ ಜೊತೆ ಅಚ್ಚುಕಟ್ಟಾದ ಕನ್ನಡದಲ್ಲಿ, "ಸಿಸ್ಟರವ್ವ, ನಿನ್ನ ಕೂಸು ಹೆಂಗೈತಿ?" ಎಂದು ದಿನಾ ವಿಚಾರಿಸುತ್ತಿದ್ದರು. ಆ ವಾರವಷ್ಟೇ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು, ನಾಲಿಗೆ ಮಡಿಚಿಕೊಂಡಿತ್ತು. ನುಂಗಲು ತೊಂದರೆಯಿಲ್ಲ, ತೆಳ್ಳಗಿನದು ಕೊಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು.

ಮಾರನೆಯ ದಿನ ಹಾಲು, ಸಕ್ಕರೆ ಹಾಕಿದ ರವೆಗಂಜಿಯನ್ನು ಫೀಡಿಂಗ್ ಕಪ್ಪಿನಲ್ಲಿ ತಂದು ಬಾಯಿಗಿಟ್ಟೆ. ಅಜ್ಜಿ ವಸಡು ಕಚ್ಚಿ ಮುಖ ತಿರುಗಿಸಿದರು. ಆಮೇಲೆ ತುಂಬ ಕಷ್ಟಪಟ್ಟು, "ಚಲ್ಲ" ಎಂದರು.

ನಮ್ಮ ಕಡೆ ಚೆಲ್ಲು ಎನ್ನುವುದನ್ನು ಚಲ್ಲ ಅಂತಲೇ ಅನ್ನುತ್ತೇವೆ. ಇದನ್ನು ಚೆಲ್ಲು, ನನಗೆ ಬೇಡ. ಅಷ್ಟೇ ನನಗೆ ಅರ್ಥವಾದದ್ದು. "ಒಂದು ಗುಟುಕು ಕುಡೀರಿ ಅಜ್ಜಿ" ಎಂದೆ. "ಚಲ್ಲ, ಚಲ್ಲ" ಎಂದು ಎಡಗೈಯಿಂದ ನನ್ನ ಸೆರಗು ಹಿಡಿದರು. ಇನ್ನೂ ಒಂಬತ್ತು ಜನರ ಊಟ ಬಾಕಿಯಿತ್ತು. ಬೆರಳು ಬಿಡಿಸಿಕೊಂಡು ಗಂಜಿಯನ್ನು ಬಚ್ಚಲಿಗೆ ಚೆಲ್ಲಿದೆ. ಪುಸ್ತಕದಲ್ಲಿ 'ಊಟ ಬೇಡವೆಂದರು' ಎಂದು ಬರೆದು ಸಹಿ ಹಾಕಿದೆ.

ಸಂಜೆಯೂ ಅದೇ, ಮರುದಿನವೂ ಅದೇ. ಗಂಜಿ ನೋಡಿದೊಡನೆ ಅಜ್ಜಿಯ ಕಣ್ಣು ಅರಳುವುದು, ಬಾಯಿಗಿಟ್ಟರೆ ವಾಂತಿ ಬಂದವರಂತೆ ಮುಖ ಕಿವಿಚುವುದು, ಚಲ್ಲ ಎನ್ನುವುದು. ಚಮಚದಲ್ಲಿ ನೀರು ಕೊಟ್ಟರೆ ಮಾತ್ರ ಗಟಗಟ ನುಂಗುವರು. ಸಂಜೆಯ ಪಾಳಿಯ ಸಿಸ್ಟರು ನನ್ನ ಬರಹ ಓದಿ ಕಪ್ಪನ್ನೇ ತರದೆ ಬಿಡತೊಡಗಿದಳು. ಡಾಕ್ಟರು ಬಂದಾಗ ಪುಸ್ತಕ ನೋಡಿ, "ಈ ವಯಸ್ಸಿನಲ್ಲಿ ಊಟ ಬಿಡುತ್ತಾರೆ. ಬಲವಂತ ಮಾಡಬೇಡಿ" ಎಂದರು. ನನಗೆ ಧೈರ್ಯ ಬಂತು. ಇಲ್ಲಿ ಒಂದು ಮಾತನ್ನು ಬಚ್ಚಿಡದೆ ಬರೆಯಬೇಕು. ಅಜ್ಜಿ ಬೇಡ ಎಂದಾಗಲೆಲ್ಲ ನನಗೆ ಹತ್ತು ನಿಮಿಷ ಉಳಿಯುತ್ತಿತ್ತು. ಉಳಿಯಿತಲ್ಲ ಎಂದು ಒಳಗೊಳಗೇ ಹಗುರವಾಗುತ್ತಿತ್ತು. ಒಂದು ದಿನ ಆ ಹತ್ತು ನಿಮಿಷದಲ್ಲಿ ನಾನು ಹಿತ್ತಲಿಗೆ ಹೋಗಿ ಕೋಣೆಯ ಮೊಳೆ ನೋಡಿ ಬಂದೆ.

ಆರನೆಯ ದಿನ ಮಧ್ಯಾಹ್ನ ದೊಡ್ಡಾಯಾ ರಜೆ ಮುಗಿಯುವ ಮುಂಚೆಯೇ ಬಂದಳು. "ಸತ್ತ ಮನ್ಯಾಗ ನನಗೇನು ಕೆಲಸ?" ಎನ್ನುತ್ತ, ಚೀಲವನ್ನೂ ಇಳಿಸದೆ ವಾರ್ಡಿಗೆ ಹೊಕ್ಕು ಒಬ್ಬೊಬ್ಬರ ಗಲ್ಲ ಮುಟ್ಟುತ್ತ ಬಂದಳು. ಕುರುಗೋಡು ಅಜ್ಜಿಯ ಮಂಚದ ಹತ್ತಿರ ನಿಂತುಬಿಟ್ಟಳು. ಅಜ್ಜಿಯ ಕೆನ್ನೆ ಒಳಗೆ ಬಿದ್ದಿತ್ತು, ತುಟಿ ಒಡೆದಿತ್ತು. ಆಯಾಳನ್ನು ಕಂಡು ಆ ತುಟಿ ಅಲುಗಿತು. ದನಿ ಹೊರಟಿದ್ದೇ ಹೆಚ್ಚು.

"ಚಲ್ಲ."

"ಎಷ್ಟು ದಿನದಿಂದ ಹಿಂಗ ಅಂತಾಳ?" ಎಂದು ನನ್ನ ಕಡೆ ತಿರುಗದೆಯೇ ಕೇಳಿದಳು.

"ನೀ ಹೋದಾಗಿಂದ. ಏನು ಕೊಟ್ಟರೂ ಚಲ್ಲ ಅಂತಾರ. ಉಣ್ಣಾಕ ಒಲ್ಲೆ ಅಂತಾರ" ಎಂದೆ.

ದೊಡ್ಡಾಯಾ ಬಗ್ಗಿ ಅಜ್ಜಿಯ ಕಿವಿಯಲ್ಲಿ ತೆಲುಗಿನಲ್ಲಿ ಕೇಳಿದಳು: "ಚಲ್ಲ ಕಾವಾಲಾ, ಅವ್ವಾ?"

ಅಜ್ಜಿ ಕಣ್ಣು ಮುಚ್ಚಿದರು. ಎರಡೂ ಕಡೆಯಿಂದ ನೀರು ಇಳಿದು ದಿಂಬಿಗೆ ಹೋಯಿತು.

ಚಲ್ಲ ಎಂದರೆ ಮಜ್ಜಿಗೆ. ಹಳೆಯ ಕಾಲದ ತೆಲುಗರ ಮನೆಮಾತು. ಅಜ್ಜಿಯ ತವರು ಆದವಾನಿಯ ಕಡೆಯಂತೆ. ಅರವತ್ತು ವರ್ಷದ ಕನ್ನಡವನ್ನು ಲಕ್ವಾ ಒರೆಸಿಕೊಂಡು ಹೋಗಿ, ಹನ್ನೆರಡು ವರ್ಷದ ಹುಡುಗಿಯಾಗಿ ತಾಯಿಯನ್ನು ಕೇಳುತ್ತಿದ್ದ ಮಾತಷ್ಟೇ ಉಳಿದಿತ್ತು. ಹಾಲು ಹಾಕಿದ ಸಿಹಿ ಗಂಜಿ ಗಂಟಲಿಗೆ ಇಳಿಯದೆ, ಮಜ್ಜಿಗೆ ಹಾಕು, ಮಜ್ಜಿಗೆ ಕೊಡು ಎಂದು ಆರು ದಿನ ಬೇಡಿದ್ದರು. ಪ್ರತಿಸಲ ನಾನು ಅವರೆದುರಿನಿಂದಲೇ ಅನ್ನವನ್ನು ಒಯ್ದು ಚೆಲ್ಲಿ ಬಂದಿದ್ದೆ. ನನಗೆ ತೆಲುಗು ಬರುತ್ತಿರಲಿಲ್ಲವೆಂದಲ್ಲ, ರಾರಾವಿಯಲ್ಲಿ ಹುಟ್ಟಿ ತೆಲುಗು ಬಾರದವರುಂಟೆ? ನಮ್ಮ ಓಣಿಯ ತೆಲುಗರು ಮಜ್ಜಿಗ ಅನ್ನುತ್ತಿದ್ದರು, ಆದರೆ ಈ ಮಾತನ್ನೂ ನಾನು ಮುದುಕಿಯರ ಬಾಯಲ್ಲಿ ಕೇಳಿದ್ದೆ. ಕೇಳಿದ್ದು ನೆನಪಾಗುವಷ್ಟು ಹೊತ್ತು ಆ ಮಂಚದ ಬಳಿ ನಾನು ನಿಲ್ಲಲಿಲ್ಲ.

ದೊಡ್ಡಾಯಾ ಬರಿಗಾಲಲ್ಲೇ ಓಡಿದಳು. ಪಕ್ಕದ ಓಣಿಯ ಯಾರದೋ ಮನೆಯಿಂದ ಚೊಂಬಿನಲ್ಲಿ ಮಜ್ಜಿಗೆ ತಂದಳು. ಉಪ್ಪು ಹಾಕಿ, ಗಂಜಿಯ ತಿಳಿ ಬೆರೆಸಿ, ಕಪ್ಪಿಗೆ ಬೆರಳಿಟ್ಟು ನೋಡಿ, "ಯವ್ವಾ, ಕೊಡ್ತೀನಿ" ಎಂದು ಕಾದು, ಆಮೇಲೆ ಬಾಯಿಗಿಟ್ಟಳು. ಅಜ್ಜಿ ಕುಡಿದ ಆ ಸದ್ದು! ಭೂಮಿ ಬಾಯಿ ಬಿಡಬಾರದೇ ಎಂದು ಜನ ಅನ್ನುವುದು ಸುಮ್ಮನೆ ಅಲ್ಲ.

ಅಜ್ಜಿ ಮಲಗಿದ ಮೇಲೆ ದೊಡ್ಡಾಯಾ ಪುಸ್ತಕ ತಂದು ನನ್ನ ಮುಂದಿಟ್ಟಳು. "ಇದರಾಗ ಏನು ಬರದಿ, ಓದಿ ಹೇಳು."

ಓದಿದೆ. ಊಟ ಬೇಡವೆಂದರು. ಊಟ ಬೇಡವೆಂದರು. ಆರು ದಿನದ್ದೂ ಓದಿಸಿದಳು.

"ಆಕಿ ಬ್ಯಾಡ ಅಂದಿಲ್ಲಲೇ. ಕೇಳ್ಯಾಳ. 'ಕೇಳಿದ್ಲು, ನನಗ ತಿಳೀಲಿಲ್ಲ' ಅಂತ ಬರಿ."

ನಾನು ಆಕೆಯ ಕಾಲು ಹಿಡಿದೆ. ಸುಳ್ಳಲ್ಲ, ನಿಜಕ್ಕೂ ಹಿಡಿದೆ. "ಆಯಾ, ಇನ್ನ ಹತ್ತು ದಿನಕ್ಕ ಕಾಯಂ ಆಗ್ತದ. ಇದನ್ನ ಬರದ್ರ ಮೇಟ್ರನ್ನಮ್ಮ ನನ್ನ ಹೊರಗ ಹಾಕ್ತಾಳ. ನನ್ನ ಮಗಳು..." ಎಂದೆ. ಇಂದಿನಿಂದ ಮಜ್ಜಿಗೆ ಕೊಡುತ್ತೇನೆ, ಹಿಂದಿನದನ್ನು ಯಾಕೆ ಕೆದಕಬೇಕು ಎಂದೆ. ಏನೇನು ಅಂದೆನೋ.

ಉಪದೇಶ ಮಾಡಿದ್ದರೆ ನಾನು ಖಂಡಿತ ಬರೆಯುತ್ತಿರಲಿಲ್ಲ. ದೊಡ್ಡಾಯಾ ಉಪದೇಶ ಮಾಡುವ ಪೈಕಿಯಲ್ಲ. ನನ್ನ ಕೈ ಬಿಡಿಸಿ ಎದುರಿಗೆ ಕೂತು, ಕೂಸಿಗೆ ಹೇಳುವಂತೆ ಹೇಳಿದಳು: "ಸಂಜಿಗೆ ಬರಾ ಸಿಸ್ಟರು ನನ್ನ ಬಾಯಿ ಕೇಳಂಗಿಲ್ಲ, ಈ ಪುಸ್ತಕ ಓದ್ತಾಳ. ಬ್ಯಾಡ ಅಂದ್ಲು ಅಂತ ಇದ್ರ ಆಕೀನೂ ಕೊಡಂಗಿಲ್ಲ. ನಾಳೆ ಡಾಕ್ಟರೂ ಅದನ್ನ ಓದ್ತಾನ. ನೀ ಬರದದ್ದು ಆಕಿ ಬಾಯಿ ಕಟ್ಟೇತಿ. ಕಟ್ಟಿದಾಕಿ ನೀನ ಬಿಚ್ಚು."

ಬರೆದೆ. 'ಆರು ದಿನದಿಂದ ಮಜ್ಜಿಗೆ ಕೇಳಿದರು. ನನಗೆ ತಿಳಿಯಲಿಲ್ಲ.' ಬರೆದದ್ದನ್ನು ಓದಿಸಿಕೊಂಡು, ಓದಲು ಬಾರದ ಆಕೆ ಆ ಸಾಲಿನ ಮೇಲೆ ಉಗುರಿಲ್ಲದ ಬೆರಳನ್ನು ಒಮ್ಮೆ ಎಳೆದಳು.

ಮೇಟ್ರನ್ ಕರೆಸಿದರು. ಹೊಡೆದಿದ್ದರೆ ವಾಸಿಯಿತ್ತು, ಅಷ್ಟು ಮೆಲ್ಲಗೆ ಮಾತಾಡಿದರು. ನನ್ನನ್ನು ಕಳಿಸುವುದೆಂದು ಹೆಚ್ಚು ಕಡಿಮೆ ತೀರ್ಮಾನವಾಗಿತ್ತು. ಆಗ ಕರೆಯದೆಯೇ ದೊಡ್ಡಾಯಾ ಒಳಗೆ ಬಂದು, "ನಾನು ರಜಾ ಹೋಗಿದ್ದಕ್ಕ ಹಿಂಗಾತು. ನನ್ನ ರಜಾನೂ ಅದರಾಗ ಬರಕೊಳ್ರಿ ಅಮ್ಮಾರ" ಎಂದು ಕೈಕಟ್ಟಿ ನಿಂತಳು. ಮೇಟ್ರನ್ ಪುಸ್ತಕದ ಆ ಸಾಲನ್ನು ಇನ್ನೊಮ್ಮೆ ಓದಿದರು. "ತಿಳಿಯಲಿಲ್ಲ ಅಂತ ಬರೆದ ನರ್ಸನ್ನು ನಾನು ಇಲ್ಲಿಯವರೆಗೆ ನೋಡಿಲ್ಲ" ಎಂದರು. ಹೊಗಳಿದ್ದೋ ತೆಗಳಿದ್ದೋ ಗೊತ್ತಾಗಲಿಲ್ಲ. ಕೆಲಸ ಉಳಿಯಿತು. ಆದರೆ ಮೂರು ತಿಂಗಳಿದ್ದ ಪರೀಕ್ಷೆ ಒಂದು ವರ್ಷವಾಯಿತು.

ಕುರುಗೋಡು ಅಜ್ಜಿ ಹನ್ನೊಂದು ದಿನ ಮಜ್ಜಿಗೆ ಕುಡಿದರು. ಹನ್ನೆರಡನೆಯ ದಿನ ಬೆಳಿಗ್ಗೆ, ನಾನು ಹಣೆಗೆ ವಿಭೂತಿ ಹಚ್ಚುವಾಗ ಹೋದರು. ವಯಸ್ಸಾಗಿತ್ತು, ನಿಮ್ಮ ತಪ್ಪಲ್ಲ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ನಂಬಲಿಲ್ಲ, ಇವತ್ತಿಗೂ ನಂಬುವುದಿಲ್ಲ. ದೊಡ್ಡಾಯಾಳನ್ನು ಕೇಳಿದೆ, "ಆ ಆರು ದಿನ ಉಂಡಿದ್ರ ಉಳೀತಿದ್ರಾ?" ಇಲ್ಲ ಅಂದುಬಿಡಲಿ ಎಂದು ಆಸೆಯಿತ್ತು. ಆಕೆ ಅನ್ನಲಿಲ್ಲ. "ಅದು ನನಗ ತಿಳಿಯಂಗಿಲ್ಲ" ಎಂದಳು.

ಒಂದು ವರ್ಷದ ಮೇಲೆ ಕೋಣೆಯ ಬೀಗ ತೆಗೆದು ಮಗಳನ್ನು ಕರೆತಂದೆ. ಫ್ರಾಕು ಆ ಮೊಳೆಗೆ ಏರಿತು. ಅಷ್ಟರಲ್ಲಿ ಅವಳು ನನ್ನ ತಾಯಿಯನ್ನು ಅವ್ವ ಎಂದೂ, ನನ್ನನ್ನು ಬಳ್ಳಾರಿ ಅವ್ವ ಎಂದೂ ಕರೆಯಲು ಕಲಿತಿದ್ದಳು. ಆ ಬಳ್ಳಾರಿ ಎನ್ನುವುದು ಉದುರಿಹೋಗಲು ಮತ್ತೆರಡು ವರ್ಷ ಬೇಕಾಯಿತು. ಒಂದು ಸಾಲಿಗೆ ಅಷ್ಟು ಬೆಲೆ. ದೊಡ್ಡಾಯಾಳ ಮೇಲೆ ನನಗೆ ಸಿಟ್ಟೇ ಇರಲಿಲ್ಲ ಎಂದರೆ ಸುಳ್ಳಾದೀತು. ಪಕ್ಕದ ಕೋಣೆಯಲ್ಲೇ ಇದ್ದು, ನನ್ನ ಮಗಳ ತಲೆ ಬಾಚುತ್ತಿದ್ದವಳ ಜೊತೆ ಎಷ್ಟೋ ದಿನ ಮುಖ ಗಂಟುಹಾಕಿಕೊಂಡು ಓಡಾಡಿದ್ದೇನೆ. ಆಕೆ ಅದನ್ನೂ ಕಾದಳು.

ಆಮೇಲೆ ನಾವಿಬ್ಬರೂ ಸೇರಿ ಒಂದು ರೂಢಿ ಮಾಡಿದೆವು. ಹೊಸಬರು ಯಾರೇ ಬರಲಿ, ಮಾತು ಚೆನ್ನಾಗಿರುವಾಗಲೇ ಹತ್ತಿರ ಕೂತು ಕೇಳುವುದು: "ನಿಮ್ಮ ತವರು ಯಾವುದವ್ವ? ಸಣ್ಣಾಕಿದ್ದಾಗ ನೀರಿಗೆ ಏನಂತಿದ್ರಿ? ಮಜ್ಜಿಗಿಗೆ? ನೋವಿಗೆ? ತಾಯಿಗೆ?" ದೊಡ್ಡಾಯಾ ಕೇಳುವಳು, ನಾನು ಬರೆಯುವೆ. ಒಬ್ಬೊಬ್ಬರಿಗೂ ಪುಸ್ತಕದಲ್ಲಿ ಒಂದೊಂದು ಹಾಳೆ. ತೆಲುಗು, ಉರ್ದು, ಲಂಬಾಣಿ ಮಾತು, ಕೊಳಗಲ್ಲಿನ ಮುದುಕಿಯೊಬ್ಬಳು ತನ್ನ ಮನೆಯಲ್ಲಷ್ಟೇ ಆಡುತ್ತಿದ್ದ ಎಂಥದೋ ಮಾತು, ಎಲ್ಲ ಸೇರಿದವು. ದೊಡ್ಡಾಯಾ ಐದು ಭಾಷೆ ಆಡುತ್ತಿದ್ದಳು, ಐದನ್ನೂ ಸಮನಾಗಿ ಕೆಡಿಸಿ. ನಿನ್ನ ತವರು ಯಾವುದು ಎಂದು ನಾನು ಒಮ್ಮೆ ನಗೆಯಾಡುತ್ತ ಕೇಳಿದ್ದೆ. "ನಂದಾ? ಇದಾ ವಾರ್ಡ್" ಎಂದು ಬೆಡ್‌ಪ್ಯಾನು ಎತ್ತಿಕೊಂಡು ಹೋದಳು. ಮತ್ತೆ ಕೇಳಲಿಲ್ಲ. ಆಕೆ ನಮ್ಮ ಆಯಾ, ಮಂಚದ ಮೇಲಿನವಳಲ್ಲವಲ್ಲ.

ಹನ್ನೆರಡು ವರ್ಷದ ಮೇಲೆ, ಮೇಟ್ರನ್ ಕುರ್ಚಿಯಲ್ಲಿ ನಾನು ಕೂತಿದ್ದಾಗ, ದೊಡ್ಡಾಯಾ ಬಟ್ಟೆ ಕೋಣೆಯಲ್ಲಿ ಬಿದ್ದಳು. ಅದೇ ಲಕ್ವಾ. ಬಾಗಿಲ ಹತ್ತಿರದ ಮಂಚಕ್ಕೆ ತಂದು ಮಲಗಿಸಿದೆವು. ಎರಡು ದಿನ ಕಣ್ಣು ಮಾತ್ರ ಓಡಾಡುತ್ತಿದ್ದವು. ಮೂರನೆಯ ದಿನ ಹೊಸದಾಗಿ ಸೇರಿದ್ದ ಸಿಸ್ಟರ್ ಓಡಿ ಬಂದು, "ಮಾತಾಡಿದ್ರು ಮೇಡಂ! ಗಂಜಿ ಕೊಟ್ಟರೆ ತಾಳ ಅಂದ್ರು. ಆಮೇಲೆ ಕೊಡ್ತೀನಿ ಅಂತ ತೆಗೆದಿಟ್ಟೆ" ಎಂದಳು.

ನಾನು ವಾರ್ಡಿಗೆ ಓಡಿದೆ. ತಾಳ ಎಂದರೆ ನಮ್ಮ ಕಡೆ ತಡೆ, ಸ್ವಲ್ಪ ನಿಲ್ಲು. ಆದರೆ ಆಕೆಯ ಕಣ್ಣು ನಿಲ್ಲು ಎನ್ನುತ್ತಿರಲಿಲ್ಲ. ಎಡಗೈ ನನ್ನ ಸೆರಗು ಹಿಡಿಯಿತು. "ತಾಳ" ಎಂದಳು.

ಬಿಡಿಸಿಕೊಳ್ಳಲಿಲ್ಲ. ಆ ಮಂಚದ ಬಳಿಯೇ ಕೂತೆ. ತೆಲುಗಿನಲ್ಲಿ ತಾಳ ಎಂದರೆ ಬೀಗ, ಅದೇ ಇರಬಹುದೆಂದು ಅವಳ ಕೋಣೆಯ ಬೀಗದಕೈ ತಂದು ಅಂಗೈಯಲ್ಲಿಟ್ಟೆ, ಕೈಯಿಂದ ಜಾರಿತು. ತಾಳೆಹಣ್ಣಿರಬಹುದೆಂದು ಬಜಾರಿಗೆ ಆಳು ಓಡಿಸಿ ತಾಟಿನುಂಗು ತರಿಸಿ, ನೀರು ಹಿಂಡಿ ತುಟಿಗೆ ಮುಟ್ಟಿಸಿದೆ. ಭಜನೆಯ ತಾಳ ತರಿಸಿ ಮೆಲ್ಲಗೆ ಬಾರಿಸಿದೆ. ಮಜ್ಜಿಗೆ ಕೊಟ್ಟೆ, ನೀರು ಕೊಟ್ಟೆ, ಕಡ್ಡಿಪುಡಿ ಮೂಗಿನ ಹತ್ತಿರ ಹಿಡಿದೆ. ಉರ್ದುವಿನಲ್ಲಿ ಕೇಳಿದೆ, ಲಂಬಾಣಿ ಹೆಂಗಸನ್ನು ಕರೆಸಿ ಕೇಳಿಸಿದೆ. ಸಿರುಗುಪ್ಪದಲ್ಲಿದ್ದ ನಾದಿನಿಯ ಮಗನಿಗೆ ಹೇಳಿ ಕಳಿಸಿದೆ. "ನಮ್ಮ ಮಾಮ ಆಕಿನ್ನ ಎಲ್ಲಿಂದನೋ ಕರಕೊಂಡು ಬಂದಿದ್ನಂತ್ರಿ. ತವರು ನಮಗೂ ಗೊತ್ತಿಲ್ಲ" ಎಂದು ಉತ್ತರ ಬಂತು. ಹದಿನಾಲ್ಕು ಮಂಚಕ್ಕೂ ಹಾಳೆ ಬರೆದಿದ್ದ ಪುಸ್ತಕದಲ್ಲಿ ಆಕೆಯದೊಂದು ಹಾಳೆ ಇರಲಿಲ್ಲ. "ದೊಡ್ಡಾಯಾ, ಏನು ಬೇಕು ಹೇಳಬೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಎಲ್ಲರೆದುರಿಗೆ ಅತ್ತುಬಿಟ್ಟೆ. ಆಕೆ ತಾಳ ಅಂದಳು, ಮತ್ತೆ ಮತ್ತೆ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹಿಡಿದ ಸೆರಗು ತಾನಾಗಿ ಸಡಿಲವಾಯಿತು. ನಾನು "ಯವ್ವಾ, ಕೈ ಹಾಕ್ತೀನಿ" ಎಂದು ಹೇಳಿ, ಆಕೆ ಕಾಯುತ್ತಿದ್ದಷ್ಟು ಹೊತ್ತು ಕಾದು, ಕಣ್ಣು ಮುಚ್ಚಿದೆ.

ಮಧ್ಯಾಹ್ನ ಆ ಹುಡುಗಿ ಸಿಸ್ಟರ್ ಸಹಿಗೆ ಪುಸ್ತಕ ತಂದಳು. 'ತಾಳಿ, ಆಮೇಲೆ ಕೊಡಿ ಎಂದರು' ಎಂದು ಬರೆದಿದ್ದಳು. ಅವಳಿಗೂ ಅದು ಪರೀಕ್ಷೆಯ ಕಾಲ, ಮುಖ ಬಿಳಿಚಿಕೊಂಡಿತ್ತು. ಅವಳನ್ನು ಬೈಯಲಿಲ್ಲ. ಆ ಸಾಲಿನ ಮೇಲೆ ಗೀಟೆಳೆದು, ಕೆಳಗೆ ನನ್ನ ಕೈಯಿಂದಲೇ ಬರೆದು ಸಹಿ ಹಾಕಿದೆ:

'ಏನೋ ಕೇಳಿದರು. ನನಗೆ ತಿಳಿಯಲಿಲ್ಲ.'